ಕಿಲ್ಲಾ ಮಾಸ್ತರರ ಗುಪ್ತ ವಿದೇಶಯಾತ್ರೆ

ಹೊಟ್ಟೆಕಿಚ್ಚು ಕೆಟ್ಟ ಗುಣವೆಂದು ಸೇಡಂನ ಭಗವಂತ ಮಾಸ್ತರರು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದರು. ಆ ಪಾಠ ಅವರಿಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ, ಅದು ತಮಗೇ ಬಂದಾಗ ಗುರುತು ಸಿಗಲಿಲ್ಲ. ಪಿತ್ತವಾಗಿದೆ ಎಂದುಕೊಂಡು ಎರಡು ದಿನ ಜೀರಿಗೆ ನೀರು ಕುಡಿದರು.

ಮೂರನೆಯ ದಿನ ರೋಗ ಯಾವುದೆಂದು ಪತ್ತೆ ಹಚ್ಚಿದವಳು ಹೆಂಡತಿ ಮಾಣಿಕಮ್ಮ.

"ಎದುರು ಮನ್ಯಾಗ ಮಂದಿ ನೆರೆದಾಗಷ್ಟೇ ನಿಮಗ ಉರಿ ಏಳ್ತದ. ಮಂದಿ ಎದ್ದು ಹೋದ್ರ ಆರಾಮ ಇರ್ತೀರಿ. ಇದು ಜೀರಿಗಿಗಿ ಹೋಗೋ ಉರಿ ಅಲ್ರಿ," ಎಂದಳು.

ಎದುರು ಮನೆ ರೇವಣಸಿದ್ದನದು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಹೊಸ ಯಂತ್ರವೊಂದರ ಕೆಲಸ ಕಲಿತು ಬಾ ಎಂದು ಕಾರ್ಖಾನೆಯವರು ಅವನನ್ನು ಒಂದು ತಿಂಗಳು ಚೆಕ್ ದೇಶಕ್ಕೆ ಕಳಿಸಿದ್ದರು. ಅಲ್ಲಿ ಒಂದು ಭಾನುವಾರ ರಜೆ ಬಂತು. ಅಲ್ಲಿಯ ಮಂದಿ ಇವನನ್ನು ಚೆಸ್ಕಿ ಕ್ರುಮ್ಲೋವ್ ಎಂಬ ಹಳೇ ಊರಿಗೆ ಕರೆದೊಯ್ದು ಕೋಟೆ ತೋರಿಸಿದರು. ಒಂದೇ ದಿನ. ಆ ಒಂದು ದಿನದ್ದು ನಾಲ್ಕುನೂರಾ ಹನ್ನೆರಡು ಫೋಟೋ ಅವನ ಮೊಬೈಲಿನಲ್ಲಿದ್ದವು. ದಸರೆ ಮುಗಿದು ಅವನು ಊರಿಗೆ ಬಂದಾಗಿನಿಂದ ಓಣಿಯ ಮಂದಿಗೆ ಬೇರೆ ಕೆಲಸವೇ ಇಲ್ಲವಾಗಿತ್ತು.

ಇದರಲ್ಲಿ ಮಾಸ್ತರರಿಗೆ ಉರಿಯಲು ಏನಿದೆ ಎಂದು ನೀವು ಕೇಳಬಹುದು. ಇದೆ. ಸೇಡಂನಿಂದ ಬಸ್ಸು ಹಿಡಿದರೆ ಅರ್ಧ ತಾಸಿಗೆ ಮಳಖೇಡ. ಅಲ್ಲಿ ರಾಷ್ಟ್ರಕೂಟರು ಆಳಿದ ಕೋಟೆ. ಆ ಕೋಟೆಯ ಕಲ್ಲು ಕಲ್ಲಿಗೂ ಮಾಸ್ತರರೇ ವಾರಸುದಾರರು ಎಂಬಂತೆ ಊರು ಒಪ್ಪಿಕೊಂಡಿತ್ತು. ಸಾಹೇಬರು ಬಂದರೆ ಮಾಸ್ತರರು ಬೇಕು, ಶಾಲೆಯ ಮಕ್ಕಳು ಹೊರಟರೆ ಮಾಸ್ತರರು ಬೇಕು. ಮದುವೆಗೆಂದು ಬಂದ ಬೀಗರನ್ನು ಕೂಡ ಊಟಕ್ಕೆ ಮುಂಚೆ ಕೋಟೆ ಹತ್ತಿಸಿ ಅಮೋಘವರ್ಷನ ಕಥೆ ಹೇಳಿ ಹಸಿವಿನಿಂದ ಕಣ್ಣು ಕತ್ತಲೆ ಬರಿಸಿದ್ದುಂಟು. ಪ್ರತಿವರ್ಷ ನವೆಂಬರಿನ ಪರಂಪರೆ ಸಪ್ತಾಹದಲ್ಲಿ ಕೋಟೆಯ ಬಾಗಿಲ ಮುಂದೆ ಭಾಷಣ ಅವರದೇ, ಇಪ್ಪತ್ತೆರಡು ವರ್ಷಗಳಿಂದ. ಹಾಗಾಗಿ ಅವರಿಗೆ ಕಿಲ್ಲಾ ಮಾಸ್ತರ ಎಂದು ಹೆಸರು. ಮುಂದಿನ ಬೇಸಿಗೆಗೆ ನಿವೃತ್ತಿ. ಈ ವರ್ಷದ್ದು ಕೊನೆಯ ಭಾಷಣ.

"ಮಾಸ್ತರ್, ಬರ್ರಿ, ನೋಡ್ರಿ!" ಎಂದು ಪಕ್ಕದ ಮನೆಯ ಮುದುಕಿ ಸೈದಾನಬಿ ಎದುರು ಕಟ್ಟೆಯಿಂದ ಕೂಗಿದಳು. "ಆ ಕಿಲ್ಲಾದ ಖಂದಕದಾಗ ಕರಡಿ ಸಾಕ್ಯಾರ! ಜಿಂದಾ ಕರಡಿ! ನಿಮ್ಮ ಕಿಲ್ಲಾದಾಗ ಏನವ?"

"ನನಗ ಪೇಪರ್ ತಿದ್ದೋದದ!" ಎಂದರು ಮಾಸ್ತರರು ಕಿಟಕಿಯಿಂದ.

"ಅಲ್ಲಿ ಆಡು ಅವ ನಾನೀ," ಎಂದು ಯಾರೋ ಮಾಸ್ತರರ ಪರವಾಗಿ ಉತ್ತರ ಕೊಟ್ಟರು. ಎಲ್ಲರೂ ನಕ್ಕರು. ಮಾಸ್ತರರು ಕಿಟಕಿ ಮುಚ್ಚಿದರು.

ರೇವಣಸಿದ್ದ ಮೂರು ಸಲ ಅವರ ಬಾಗಿಲಿಗೆ ಬಂದು ಹೋದ. ಮೂರು ಸಲವೂ ಪೇಪರ್ ತಿದ್ದುವುದಿತ್ತು. ಆ ತಿಂಗಳು ಶಾಲೆಯಲ್ಲಿ ಪರೀಕ್ಷೆಯೇ ನಡೆದಿರಲಿಲ್ಲ ಎಂಬ ಮಾತು ಬೇರೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ಏನಾದರೂ ಮಾಡಿದರೆ ಸನ್ಮಾನ. ಏನೂ ಮಾಡದಿದ್ದರೆ ಅದಕ್ಕೂ ಇವತ್ತಲ್ಲ ನಾಳೆ ಸನ್ಮಾನ. ರೇವಣಸಿದ್ದನಿಗೆ ಆಟೋ ನಿಲ್ದಾಣದವರು ಶಾಲು ಹೊದಿಸಿದರು, ಗಣೇಶ ಮಂಡಳಿಯವರು ಹೊದಿಸಿದರು, ಸೈದಾನಬಿಯ ಮಗ ಶಾಹನವಾಜ ತನ್ನ ಚಹಾದ ಹೋಟೆಲಿನಲ್ಲಿ ಹೊದಿಸಿದ. ಒಂದು ವಾರದಲ್ಲಿ ಆರು ಶಾಲು. ರೇವಣಸಿದ್ದನ ಹೆಂಡತಿ ಅವನ್ನು ತೊಳೆದು ಮಾಸ್ತರರ ಕಿಟಕಿಯ ಎದುರಿಗೇ ಸಾಲಾಗಿ ಒಣ ಹಾಕಿದಳು. ಪಾಪ, ಅವಳ ಮನೆಯ ಬಿಸಿಲು ಬೀಳುವುದೇ ಅಲ್ಲಿ.

ಇಷ್ಟನ್ನು ಮಾಸ್ತರರು ಹೇಗೋ ನುಂಗಿಕೊಂಡರು. ನುಂಗಲಾಗದ್ದು ಬಂದದ್ದು ಮುಖ್ಯೋಪಾಧ್ಯಾಯ ಗುರುಲಿಂಗಯ್ಯನವರ ಕೋಣೆಯಲ್ಲಿ.

"ಬರ್ರಿ ಮಾಸ್ತರ, ಕುಂದ್ರಿ," ಎಂದು ಗುರುಲಿಂಗಯ್ಯನವರು ಪರಂಪರೆ ಸಪ್ತಾಹದ ಆಮಂತ್ರಣ ಪತ್ರಿಕೆ ಮುಂದೆ ಸರಿಸಿದರು. "ಈ ಸಲ ಸ್ವಲ್ಪ ಹೊಸತನ ಮಾಡೀವಿ ನೋಡ್ರಿ."

ಹೊಸತನ ಹೀಗಿತ್ತು. ವಿಶೇಷ ಉಪನ್ಯಾಸ: 'ನಾ ಕಂಡ ವಿದೇಶಿ ಕೋಟೆ', ಶ್ರೀ ರೇವಣಸಿದ್ದ ಅವರಿಂದ. ಮಾಸ್ತರರು ತಮ್ಮ ಹೆಸರಿಗಾಗಿ ಕೆಳಗೆ ಹುಡುಕಿದರು. ಇನ್ನೂ ಕೆಳಗೆ ಹುಡುಕಿದರು. ಸ್ವಾಗತಗೀತೆ, ನಿರೂಪಣೆ, ಧ್ವನಿವರ್ಧಕದ ವ್ಯವಸ್ಥೆ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಸಿಕ್ಕಿತು. ವಂದನಾರ್ಪಣೆ: ಶ್ರೀ ಭಗವಂತ.

ವಂದನಾರ್ಪಣೆ ಎಂದರೇನೆಂದು ಬಲ್ಲವರು ಬಲ್ಲರು. ವಂದಿಸುವವನು ಎದ್ದು ನಿಂತೊಡನೆ ಸಭೆಯೂ ಎದ್ದು ನಿಲ್ಲುತ್ತದೆ, ಮನೆಗೆ ಹೋಗಲು.

"ಅವಾ ನನ್ನ ಶಿಷ್ಯರಿ ಸರ!" ಮಾಸ್ತರರು ಪತ್ರಿಕೆಯನ್ನು ಹಿಂದಕ್ಕೆ ತಳ್ಳಿದರು. "ಇತಿಹಾಸದಾಗ ಮೂವತ್ತೈದು ತೊಗೊಂಡವ! ಅದರಾಗ ಎರಡು ನಾ ಕೊಟ್ಟ ಕೃಪಾಂಕ! ರಾಷ್ಟ್ರಕೂಟರ ರಾಜಧಾನಿ ಯಾವುದು ಅಂದ್ರ ಬೆಂಗಳೂರು ಅಂತ ಬರದವ!"

"ಬರೀಲಿ ಬಿಡ್ರಿ. ಅಂವ ಕರಡಿ ನೋಡಿ ಬಂದಾನ. ಮಂದಿಗಿ ಕರಡಿ ಬೇಕಾಗ್ಯದ. ಇಪ್ಪತ್ತೆರಡು ವರ್ಷ ಅದೇ ಅಮೋಘವರ್ಷ ಕೇಳಿ ಅಮೋಘವರ್ಷಗೂ ಬ್ಯಾಸರ ಆಗಿರ್ಬೇಕು."

ಆ ಸಂಜೆ ಮಾಸ್ತರರು ಶಪಥ ಮಾಡಿದರು. ಒಂದೇ ದಿನದಲ್ಲಿ ಅಷ್ಟು ದೊಡ್ಡ ಕೋಟೆ ನೋಡಲು ಸಾಧ್ಯವೇ? ರೇವಣಸಿದ್ದ ಖಂಡಿತ ಸುಳ್ಳು ಹೇಳುತ್ತಿದ್ದಾನೆ. ಅವನ ಸುಳ್ಳನ್ನು ಹತ್ತು ಮಂದಿಯ ಮುಂದೆ ಹಿಡಿಯಬೇಕು. ಹಿಡಿಯಬೇಕಾದರೆ ಆ ಕೋಟೆಯನ್ನು ತಾವು ಅವನಿಗಿಂತ ಚೆನ್ನಾಗಿ ತಿಳಿದಿರಬೇಕು.

ಮೊಬೈಲ್ ಹಿಡಿದು ಕುಳಿತರು. ಹನ್ನೆರಡು ದಿನ ಓದಿದರು. ಇನ್ನೂರು ಪುಟದ ನೋಟುಬುಕ್ಕು ತುಂಬಿತು. ಆ ಊರಿನ ಹೊಳೆ ಯಾವ ಓಣಿಯ ಹಿಂದೆ ಹೇಗೆ ತಿರುಗುತ್ತದೆ, ಸೇತುವೆಗೆ ಎಷ್ಟು ಅಂತಸ್ತು, ಅರಮನೆಯ ನಾಟಕಶಾಲೆಯಲ್ಲಿ ಪರದೆ ಎಳೆಯುವ ಹಗ್ಗ ಎಲ್ಲಿದೆ, ಎಲ್ಲ ಬಂತು.

"ನಾ ಹುಟ್ಟಿದ ದಿನ ಕೇಳಿದ್ರ ಗೊತ್ತಿಲ್ಲ ಅಂತೀರಿ, ಆ ಕರಡಿಗಳ ಹೆಸರು ಬಾಯಿಪಾಠ ಮಾಡ್ಲಿಕತ್ತೀರಿ," ಎಂದಳು ಮಾಣಿಕಮ್ಮ ರೊಟ್ಟಿ ಬಡಿಯುತ್ತ.

"ಸುಮ್ಮಕುಂದ್ರು. ಇದು ಇತಿಹಾಸ."

"ಇದು ಹೊಟ್ಟಿಕಿಚ್ಚು," ಎಂದಳು. ರೊಟ್ಟಿ ಉಬ್ಬಿತು.

ಹದಿಮೂರನೆಯ ದಿನ ಬೆಳಿಗ್ಗೆ ಶಾಹನವಾಜನ ಹೋಟೆಲು ತುಂಬಿತ್ತು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ನಡುವೆ ರೇವಣಸಿದ್ದ. ಮಾಸ್ತರರು ಒಳಗೆ ಬಂದವರೇ ಕೋರ್ಟಿನ ವಕೀಲರಂತೆ ಅವನೆದುರು ನಿಂತರು.

"ರೇವಣಸಿದ್ದ, ಆ ಕಿಲ್ಲಾದ ಗೋಪುರ ಹತ್ತಿದೇನಪಾ?"

"ಹತ್ತೀನ್ರಿ ಸರ."

"ಮೆಟ್ಟಲ ಎಷ್ಟವ?"

"ಎಣಿಸಿಲ್ರಿ ಸರ. ಮೊಣಕಾಲು ನೋಯೋವಷ್ಟವ."

"ನೂರಾ ಅರವತ್ತೆರಡು!" ಮಾಸ್ತರರು ಮೇಜು ಗುದ್ದಿದರು. ಸುಸಲಾ ಹಾರಿತು. "ಗ್ವಾಡಿಗಿ ಯಾವ ಕಲ್ಲು ಹಚ್ಚ್ಯಾರ?"

"ಭಾಳ ದೊಡ್ಡ ಕಲ್ಲ ಇದ್ವು ಸರ. ಒಂದೇ ಅಳತಿ, ಕಟದು ಇಟ್ಟಂಗ."

"ಕಲ್ಲಲ್ಲೋ ಅವು! ಬಣ್ಣ! ಗಚ್ಚಿನ ಮ್ಯಾಲ ಕಲ್ಲಿನಂಗ ಚಿತ್ರ ಬರದಾರ! ಶಹಾಬಾದ ಕಲ್ಲಿನ ಸೀಮಿದಾಗ ಹುಟ್ಟಿ, ಕಲ್ಲ ಯಾವುದು ಬಣ್ಣ ಯಾವುದು ತಿಳೀಲಿಲ್ಲೇನು ನಿನಗ?"

ಮಾಸ್ತರರು ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಹೊಳೆ ಬರೆದರು. ಹೊಳೆ ಹಿಂಗ ಬರ್ತದ, ಹಿಂಗ ತಿರುಗ್ತದ, ಇಲ್ಲಿ ಊರು, ಇಲ್ಲಿ ಸೇತುವೆ, ಇಲ್ಲಿ ಖಂದಕ, ಇದು ಕರಡಿ. ಕರಡಿಯ ಜಾಗದಲ್ಲಿ ಒಂದು ಭಜಿ ಇಟ್ಟರು. ರೇವಣಸಿದ್ದ ಬಾಯಿ ತೆರೆದು ನೋಡುತ್ತಿದ್ದ. ಈಗ ಎಲ್ಲರೂ 'ಥೂ, ಇವಾ ಏನೂ ನೋಡೇ ಇಲ್ಲ' ಎಂದು ರೇವಣಸಿದ್ದನನ್ನು ಹೀಗಳೆಯುತ್ತಾರೆಂದು ಮಾಸ್ತರರು ಕಾದರು.

ಶಾಹನವಾಜ ಚಹಾದ ಸೋಸಣಿಗೆ ಕೆಳಗಿಟ್ಟು, ಪಿಸುಮಾತಿನಲ್ಲಿ ಕೇಳಿದ: "ಮಾಸ್ತರ್, ನೀವು ಯಾವಾಗ ಹೋಗಿದ್ರಿ?"

"ನಾ ಎಲ್ಲಿ ಹೋ..."

"ಬ್ಯಾಸಗಿ ಸೂಟಿದಾಗ!" ಹಾಲು ಕೊಡಲು ಬಂದಿದ್ದ ಸೈದಾನಬಿ ಬಾಗಿಲಲ್ಲೇ ಚೀರಿದಳು. "ಹದಿನೈದು ದಿನ ಮನಿಗಿ ಕೀಲಿ ಇತ್ತು! ಎಲ್ಲಿ ಹೊಂಟೀರಿ ಅಂದ್ರ, ದೂರ ಕೆಲಸದ ಅಂದ್ರಿ. ಬಂದ ಮ್ಯಾಲೂ ಬಾಯಿ ಬಿಡಲಿಲ್ಲ!"

"ಹೌದ್ನೋಡ್ರಿ," ಎಂದ ಶಾಹನವಾಜ. "ಬಂದ ಮ್ಯಾಲ ಒಂದು ತಿಂಗಳು ನನ್ನ ಹೋಟೆಲಿನ್ಯಾಗ ಕುಂತಿಲ್ಲ. ಕುಂದ್ರಿ ಅಂದ್ರ ಬ್ಯಾಡ ಅಂತ ನಿಂತೇ ಚಹಾ ಕುಡದ್ರು. ವಿಮಾನದಾಗ ಕುಂತು ಕುಂತು ಸಾಕಾಗಿತ್ತು!"

"ಮಿರ್ಚಿ ಮುಟ್ಟಲಿಲ್ಲ. ನಾ ಪುಂಡಿಪಲ್ಯಾ ಕಳಿಸಿದ್ರ ಹಂಗೇ ತಿರುಗಿ ಬಂತು. ಆ ದೇಶದಾಗ ಖಾರ ಎಲ್ಲದ? ನಾಲಿಗಿ ಮರತಿತ್ತು!" ಎಂದು ಸೈದಾನಬಿ ಸೇರಿಸಿದಳು.

"ಬೆಳ್ಳಗೂ ಆಗಿದ್ರು!" ಎಂದು ಮೂಲೆಯಿಂದ ಮತ್ತೊಬ್ಬ ಸಾಕ್ಷಿ ನುಡಿದ.

ಓದುಗರಿಂದ ಮುಚ್ಚಿಡುವುದೇನಿದೆ? ಬೇಸಿಗೆಯಲ್ಲಿ ಮಾಸ್ತರರು ಹೋದದ್ದು ಸೊಲ್ಲಾಪುರದ ಒಂದು ದವಾಖಾನೆಗೆ. ಮೂಲವ್ಯಾಧಿಯ ಆಪರೇಷನ್ ಆಗಿತ್ತು. ಅವರು ಕುಳಿತುಕೊಳ್ಳದೆ ಇದ್ದದ್ದಕ್ಕೂ, ಮಿರ್ಚಿ ಬಿಟ್ಟದ್ದಕ್ಕೂ, ಬಿಳಿಚಿಕೊಂಡದ್ದಕ್ಕೂ ಅದೇ ಕಾರಣ. ಈ ಸಂಗತಿ ಭೂಮಿಯ ಮೇಲೆ ಮಾಸ್ತರರಿಗೆ, ಮಾಣಿಕಮ್ಮನಿಗೆ ಮತ್ತು ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಡಾಕ್ಟರಿಗೆ ಗೊತ್ತಾದದ್ದಕ್ಕೇ ಮಾಸ್ತರರಿಗೆ ಸಾಕಷ್ಟು ಸಂಕೋಚವಾಗಿತ್ತು.

'ಇಲ್ಲ' ಎಂದರೆ 'ಮತ್ತೆಲ್ಲಿ' ಎಂಬ ಪ್ರಶ್ನೆ ಬರುತ್ತದೆ. ಮಾಸ್ತರರು ಸುತ್ತ ನೋಡಿದರು. ಎಲ್ಲ ಕಣ್ಣುಗಳೂ ತಮ್ಮ ಮೇಲೆ. ರೇವಣಸಿದ್ದನ ಕಡೆ ಒಂದೂ ಇಲ್ಲ. ಎಷ್ಟು ದಿನವಾಗಿತ್ತು ಹೀಗಾಗಿ! ಅವರು ಸಣ್ಣಗೆ ನಕ್ಕರು.

"ಎಲ್ಲಾ ಹೇಳ್ಕೋತ ತಿರುಗೋದು ನನ್ನ ಸ್ವಭಾವ ಅಲ್ಲ," ಎಂದರು.

ಅದು ಸುಳ್ಳೇನೂ ಅಲ್ಲ.

ಮರುದಿನದಿಂದ ಶಾಲುಗಳು ದಿಕ್ಕು ಬದಲಿಸಿದವು. ಆಟೋದವರು ಬಂದರು, ಮಂಡಳಿಯವರು ಬಂದರು. ಹೋಗಿ ಬಂದು ಹೇಳಿಕೊಂಡವನಿಗೆ ಒಂದು ಶಾಲಾದರೆ, ಹೋಗಿ ಬಂದೂ ಹೇಳಿಕೊಳ್ಳದ ಮಹಾನುಭಾವನಿಗೆ ಎರಡು ಎಂದು ಊರು ತೀರ್ಮಾನಿಸಿತು. ಒಂದು ಪತ್ರಿಕೆ 'ಸದ್ದಿಲ್ಲದೆ ವಿದೇಶ ಸುತ್ತಿ ಬಂದ ಶಿಕ್ಷಕ' ಎಂದು ಫೋಟೋ ಹಾಕಿತು. ಗುರುಲಿಂಗಯ್ಯನವರು ಆಮಂತ್ರಣ ಪತ್ರಿಕೆ ಮತ್ತೆ ಅಚ್ಚು ಹಾಕಿಸಿದರು. ವಿಶೇಷ ಉಪನ್ಯಾಸ ಭಗವಂತ ಮಾಸ್ತರರದು. ವಂದನಾರ್ಪಣೆ ರೇವಣಸಿದ್ದನದು.

ರೇವಣಸಿದ್ದನೇ ಮನೆಗೆ ಬಂದು ಕಾಲುಮುಟ್ಟಿ ನಮಸ್ಕಾರ ಮಾಡಿದ. "ನೀವು ಮಾತಾಡೋದು ಬಿಟ್ಟು ನಾ ಮಾತಾಡೋದು ನನಗೂ ಸರಿ ಅನಿಸಿರಲಿಲ್ರಿ ಸರ. ಚೊಲೋ ಆತು," ಎಂದ. ಮಾಸ್ತರರು ದೊಡ್ಡ ಮನಸ್ಸು ಮಾಡಿ ಅವನಿಗೆ ಚಹಾ ಕೊಡಿಸಿದರು. ಹೊಟ್ಟೆಯ ಉರಿ ಆರಿ ಮಂಜುಗಡ್ಡೆಯಂತಾಗಿತ್ತು. ಮಾಣಿಕಮ್ಮ ಮಾತ್ರ ಚಹಾದ ಬಟ್ಟಲನ್ನು ಸದ್ದು ಮಾಡಿಯೇ ಇಟ್ಟಳು.

ಐದನೆಯ ದಿನ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ನೋಟಿಸು ಬಂತು. ಸರ್ಕಾರಿ ನೌಕರರಾದ ತಾವು ಪೂರ್ವಾನುಮತಿ ಇಲ್ಲದೆ ವಿದೇಶ ಪ್ರಯಾಣ ಮಾಡಿರುವುದು ಪತ್ರಿಕಾ ವರದಿಯಿಂದ ತಿಳಿದುಬಂದಿದೆ. ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ನಿವೃತ್ತಿ ವೇತನದ ಕಡತವನ್ನು ತಡೆಹಿಡಿಯಲಾಗುವುದು.

ಮಾಸ್ತರರು ನೋಟಿಸನ್ನು ಮೂರು ಸಲ ಓದಿ ಕುರ್ಚಿಯಲ್ಲಿ ಕುಸಿದರು.

"ದವಾಖಾನಿ ಕಾಗದ ತೋರಸ್ರಿ, ಮುಗೀತು," ಎಂದಳು ಮಾಣಿಕಮ್ಮ.

"ಆ ಕಾಗದ ನೋಡಿದೇನು ನೀ? ಡಾಕ್ಟರ್ ಅದರಾಗ ಚಿತ್ರಾನೂ ತೆಗದಾನ! ಕಚೇರ್ಯಾಗ ಅದು ಹನ್ನೊಂದು ಮೇಜು ದಾಟ್ತದ. ಮೂರು ಝೆರಾಕ್ಸ್ ಕೇಳ್ತಾರ. ಆ ಚಿತ್ರದ ಮ್ಯಾಲ ಸಿಕ್ಕಾ ಹೊಡೀತಾರ ಮಾಣಿಕಾ, ಸಿಕ್ಕಾ!"

ಕಾಗದವಿಲ್ಲದೆಯೇ ಕಚೇರಿಗೆ ಹೋದರು. ಸಾಹೇಬರು ಹೊಸಬರು, ಕನ್ನಡಕದ ಮೇಲಿಂದ ನೋಡುವವರು.

"ನಾ ಹೋಗೇ ಇಲ್ರಿ ಸಾಹೇಬ್ರ."

"ಊರೆಲ್ಲಾ ಸನ್ಮಾನ ಮಾಡ್ಯಾರ."

"ಅದು ಸುಳ್ಳರಿ."

"ಶಾಲು ಹೊದ್ದ ಫೋಟೋ ಬಂದದ. ಶಾಲೂ ಸುಳ್ಳೇನು?"

"ಶಾಲು ಖರೇ ಅದರಿ. ಹೋಗಿದ್ದು ಸುಳ್ಳು. ನನ್ನ ಹತ್ರ ಪಾಸ್‌ಪೋರ್ಟೇ ಇಲ್ರಿ ಸಾಹೇಬ್ರ!"

ಸಾಹೇಬರು ಪೆನ್ನು ಕೆಳಗಿಟ್ಟರು. "ಪಾಸ್‌ಪೋರ್ಟ್ ಇಲ್ಲದೇ ಹೋಗೀರಿ? ಮಾಸ್ತರ, ಅದು ಇನ್ನಾ ದೊಡ್ಡ ಅಪರಾಧ!"

"ಅಯ್ಯೋ, ಹೋಗೇ ಇಲ್ಲಂತೀನಿ!"

"ಹಂಗಾದ್ರ ಹೋಗಿಲ್ಲ ಅನ್ನೋದಕ್ಕ ದಾಖಲಿ ಕೊಡ್ರಿ. ಬ್ಯಾಸಗಿದಾಗ ಆ ಹದಿನೈದು ದಿನ ಎಲ್ಲಿದ್ರಿ?"

ಹನ್ನೊಂದು ಮೇಜುಗಳ ಹಿಂದಿನ ಹನ್ನೊಂದು ಮುಖಗಳು ಮೇಲೆದ್ದವು. ಮಾಸ್ತರರು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, "ದೂರ ಇದ್ದೆರಿ," ಎಂದರು.

"ಎಷ್ಟು ದೂರ ಅನ್ನೋದೇ ನಮ್ಮ ಪ್ರಶ್ನೆ. ಮಳಖೇಡದ ಕಾರ್ಯಕ್ರಮಕ್ಕ ನಾನೂ ಬರ್ಲಿಕತ್ತೀನಿ. ಅಲ್ಲೇ ಉತ್ತರ ಕೊಡ್ರಿ."

ಕಾರ್ಯಕ್ರಮದ ದಿನ ಕೋಟೆಯ ಬಾಗಿಲ ಮುಂದೆ ಶಾಮಿಯಾನ ಹಾಕಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಮಂದಿ ಸೇರಿದ್ದಿಲ್ಲ. ಚಿತ್ತಾಪುರ, ವಾಡಿಗಳಿಂದಲೂ ಬಂದಿದ್ದರು. ಬುರುಜಿನ ಮೇಲೆ ಎಂದಿನಂತೆ ಆಡುಗಳು ನಿಂತಿದ್ದವು. ವೇದಿಕೆಯ ಮೇಲೆ ಗುರುಲಿಂಗಯ್ಯನವರು, ಸಾಹೇಬರು, ಮಾಸ್ತರರು, ರೇವಣಸಿದ್ದ, ಮತ್ತು ಇವರೆಲ್ಲರಿಗಿಂತ ಒಂದೂವರೆ ಅಡಿ ಎತ್ತರದ ಒಬ್ಬ ಕೆಂಪು ಮನುಷ್ಯ.

"ಇವರು ಪಾವೆಲ್ ಅಂತ," ಎಂದು ಗುರುಲಿಂಗಯ್ಯನವರು ಮಾಸ್ತರರ ಕಿವಿಯಲ್ಲಿ ಹೇಳಿದರು. "ಕಾರ್ಖಾನಿಗಿ ಯಂತ್ರ ಕೂಡಿಸ್ಲಿಕ್ಕ ಬಂದಾರ. ನೀವು ನೋಡಿ ಬಂದ್ರಲ್ಲ, ಅದೇ ಊರವರು! ನಿಮ್ಮ ಸಲುವಾಗಿನೇ ಕರ್ಸೀನಿ."

ಮಾಸ್ತರರಿಗೆ ನವೆಂಬರಿನ ಚಳಿಯಲ್ಲಿ ಬೆವರು ಒಡೆಯಿತು.

ಪಾವೆಲ್ ಮಾಸ್ತರರ ಎರಡೂ ಕೈ ಹಿಡಿದು ಕುಲುಕಿ, ಸಂತೋಷದಿಂದ ಏನೋ ಕೇಳಿದ. ರೇವಣಸಿದ್ದ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ತಿಳಿದುಕೊಂಡು, ಮೆಲ್ಲನೆ ಹೇಳಿದ: "ಸರ, ನೀವು ಯಾವ ತಿಂಗಳು ಬಂದಿದ್ರಿ ಅಂತ ಕೇಳ್ಲಿಕತ್ತಾರ."

ಮೆಲ್ಲನೆ ಹೇಳಿ ಏನು ಬಂತು? ಮೈಕು ಚಾಲೂ ಇತ್ತು. ಇಡೀ ಶಾಮಿಯಾನಕ್ಕೆ ಕೇಳಿತು.

"ಅದನ್ನೇ ನಾನೂ ಕೇಳ್ಲಿಕತ್ತೀನಿ," ಎಂದು ಸಾಹೇಬರು ಎದ್ದು ಮೈಕಿಗೆ ಬಂದರು. "ಭಾಷಣ ಆಮ್ಯಾಲ. ಹೇಳ್ರಿ ಮಾಸ್ತರ. ಬ್ಯಾಸಗಿದಾಗ ಎಲ್ಲಿದ್ರಿ? ಅನುಮತಿ ತೊಗೊಂಡಿದ್ರೋ ಇಲ್ಲೋ?"

ಒಂದು ಕಡೆ ಪಿಂಚಣಿ, ಒಂದು ಕಡೆ ಮಾನ. ಮುಂದಿನ ಸಾಲಿನಲ್ಲಿ ಮಾಣಿಕಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆ ಚೀಲದಲ್ಲಿ ಆ ಕಾಗದವಿದೆ ಎಂದು ಮಾಸ್ತರರಿಗೆ ಗೊತ್ತಿತ್ತು.

ಆಗ ರೇವಣಸಿದ್ದ ಎದ್ದು ನಿಂತ.

"ಸಾಹೇಬ್ರ, ಸರ್ ಎಲ್ಲೂ ಹೋಗಿಲ್ರಿ. ಆ ಹದಿನೈದು ದಿನ ತೆಂಗಳಿಯೊಳಗ ನಮ್ಮ ಹೊಲದ ಮನ್ಯಾಗ ಇದ್ರು. ನಾನೇ ಕರದಿದ್ದೆ. ಆ ಕಿಲ್ಲಾದ ವಿಷಯ ಎಲ್ಲಾ ಆಮ್ಯಾಲ ವಿದೇಶದಿಂದ ಬಂದು ನಾನೇ ಹೇಳೀನಿ. ಅವರು ನೆನಪಿಟ್ಟುಕೊಂಡು ಹೇಳಿದ್ರು, ಮಂದಿ ತಪ್ಪು ತಿಳಕೊಂಡ್ರು. ತಪ್ಪಾಗಿದ್ರ ನಂದು."

ಸಾಹೇಬರ ಹುಬ್ಬು ಇಳಿಯಿತು. "ಹಂಗೇನು ಮಾಸ್ತರ?"

ಹೂಂ ಎಂದರೆ ಸಾಕಿತ್ತು. ಪಿಂಚಣಿ ಉಳಿಯಿತು, ಮಾನ ಉಳಿಯಿತು, ಶಾಲೂ ಉಳಿಯಿತು. ಮಾಸ್ತರರು ರೇವಣಸಿದ್ದನ ಮುಖ ನೋಡಿದರು. ಅವನು ಕಣ್ಣಲ್ಲೇ 'ಹೂಂ ಅನ್ರಿ ಸರ' ಎನ್ನುತ್ತಿದ್ದ. ಸಭೆಯಲ್ಲಿ ಯಾರೋ "ಎಂಥ ಶಿಷ್ಯ ನೋಡ್ರಿ! ಗುರುವಿಗಿಂತ ದೊಡ್ಡ ಮನಸ್ಸು!" ಎಂದರು.

ಗುರುವಿಗಿಂತ ದೊಡ್ಡ! ಮಾಸ್ತರರ ಹೊಟ್ಟೆಯೊಳಗೆ ಭಗ್ಗೆಂದಿತು. ವಿದೇಶಕ್ಕೆ ಹೋಗಿ ಗೆದ್ದ, ಶಾಲು ಹೊದ್ದು ಗೆದ್ದ. ಈಗ ಒಳ್ಳೆಯತನದಲ್ಲೂ ಮುಂದೆ ಹೋಗುತ್ತಾನಲ್ಲ, ಮೂವತ್ತೈದು ಅಂಕದವನು! ಅದನ್ನು ಮಾತ್ರ ಅವರಿಂದ ತಡೆಯಲಾಗಲಿಲ್ಲ. ಸಾಹೇಬರ ಕೈಯಿಂದ ಮೈಕು ಕಿತ್ತುಕೊಂಡರು.

"ಸುಳ್ಳು! ಇವಾ ಹೇಳಿದ್ದು ಪೂರಾ ಸುಳ್ಳು! ನಾ ತೆಂಗಳಿಗಿ ಹೋಗಿಲ್ಲ, ವಿದೇಶಕ್ಕೂ ಹೋಗಿಲ್ಲ. ಸೊಲ್ಲಾಪುರದ ದವಾಖಾನಿದಾಗ ಮಲಗಿದ್ದೆ. ನನಗ ಮೂಲವ್ಯಾಧಿ ಆಪರೇಷನ್ ಆಗ್ಯದ! ಮಾಣಿಕಾ, ಕಾಗದ ತಾ!"

ಧ್ವನಿವರ್ಧಕ ಬಹಳ ಒಳ್ಳೆಯದಿತ್ತು. ಮೂಲವ್ಯಾಧಿ ಎಂಬ ಮಾತು ಕೋಟೆಯ ಗೋಡೆಗೆ ಬಡಿದು, ಕಾಗಿಣಾ ಹೊಳೆಯ ತನಕ ಹೋಗಿ, ಮತ್ತೆ ಬಂತು. ಬುರುಜಿನ ಆಡುಗಳು ಜಿಗಿದು ಓಡಿದವು.

ಆಮೇಲೆ ಹೆಂಗಸರ ಕಡೆಯಿಂದ ಸೈದಾನಬಿಯ ಧ್ವನಿ ಕೇಳಿತು.

"ತೋಬಾ ತೋಬಾ! ಅದಕ್ಕೇ ನಿಂತಿದ್ರಾ!"

ನಗೆ ಎದ್ದಿತು ನೋಡಿ, ಶಾಮಿಯಾನದ ಗೂಟ ಅಲುಗಾಡಿತು. ಗುರುಲಿಂಗಯ್ಯನವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು. ಪಾವೆಲ್ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕ. ಸಾಹೇಬರು ಮಾತ್ರ ನಗಲಿಲ್ಲ. ಕಾಗದವನ್ನು, ಅದರೊಳಗಿನ ಚಿತ್ರವನ್ನು ಬಹಳ ಹೊತ್ತು ಆಸ್ಥೆಯಿಂದ ನೋಡಿದರು.

ಮಾಸ್ತರರು ನಗು ಇಳಿಯುವ ತನಕ ನಿಂತರು. ಮಾನ ಹೋಗಿದ್ದು ಹೋಗಿತ್ತು. ಉಳಿದದ್ದನ್ನೂ ಹೇಳಿಬಿಟ್ಟರೆ ಹಗುರ ಎನಿಸಿತು.

"ಇವನ ಮ್ಯಾಲ ನನಗ ಹೊಟ್ಟಿಕಿಚ್ಚು ಆಗಿತ್ತು," ಎಂದರು. "ಮೂವತ್ತು ವರ್ಷ ಕೋಟಿ ಕೋಟಿ ಅಂತ ನಾ ಬಡಕೊಂಡೆ. ನೋಡಿ ಬಂದವ ಇವಾ. ನನ್ನಿಂದ ತಡಕೊಳ್ಳಲಿಕ್ಕ ಆಗಲಿಲ್ಲ."

ರೇವಣಸಿದ್ದನ ಕಣ್ಣು ತುಂಬಿದ್ದವು. "ನನಗ ಅವತ್ತು ಹೋಟೆಲಿನ್ಯಾಗೇ ತಿಳದಿತ್ರಿ ಸರ, ನೀವು ಹೋಗಿಲ್ಲಂತ. ಹತ್ತಿದವರಿಗಿ ಉಸಿರು ಹಿಡಕೊಳ್ಳೋದೇ ಸಾಕಾಗ್ತದ, ಮೆಟ್ಟಲ ಯಾರು ಎಣಿಸ್ತಾರ್ರಿ? ಆ ಗೋಪುರದ ಮ್ಯಾಲ ನಿಂತಾಗ ನನಗ ಏನೂ ಅರ್ಥ ಆಗಲಿಲ್ಲ. ಸರ್ ಇದ್ದಿದ್ರ ಹೇಳ್ತಿದ್ರಲ್ಲ ಅನಿಸ್ತು. ನಿಮಗ ತೋರಿಸಿ ಕೇಳಬೇಕಂತನೇ ಅಷ್ಟು ಫೋಟೋ ತೆಗದೀನ್ರಿ. ನೀವು ಬಾಗಲೇ ತೆರೀಲಿಲ್ಲ."

ಇಂಥದ್ದನ್ನು ಮಾಸ್ತರರು ನೋಟುಬುಕ್ಕಿನಲ್ಲಿ ಬರೆದುಕೊಂಡಿರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಸಭೆಯ ಕಡೆ ತಿರುಗಿದರು.

"ಈಗ ನನ್ನ ಬೆನ್ನ ಹಿಂದಿನ ಈ ಕಲ್ಲು ನೋಡ್ರಿ," ಎಂದರು. "ಇದು ಬಣ್ಣ ಅಲ್ಲ. ಖರೇ ಕಲ್ಲು."

ಒಂದು ತಾಸು ಮಾತಾಡಿದರು. ಕೋಟೆಯ ಬಾಗಿಲು, ಬುರುಜು, ಹೊಳೆ, ಅಮೋಘವರ್ಷ. ಮಂದಿ ಅಲುಗಾಡದೆ ಕೇಳಿದರು. ಅಷ್ಟು ಧೈರ್ಯದಿಂದ ಅಂಥ ಮಾತು ಒಪ್ಪಿಕೊಂಡ ಮನುಷ್ಯ ಇನ್ನೇನು ಹೇಳಿದರೂ ಸುಳ್ಳಿರಲಿಕ್ಕಿಲ್ಲ ಎಂದು ಅವರಿಗೆ ಅನಿಸಿರಬೇಕು. ಮಾಸ್ತರರು ಬೆವರು ಒರೆಸಿಕೊಂಡು, ಎಂದಿನಂತೆ, ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಇಷ್ಟು ವರ್ಷದಲ್ಲಿ ಒಬ್ಬನೂ ಒಂದು ಪ್ರಶ್ನೆ ಕೇಳಿದ್ದಿಲ್ಲ.

ಈ ಸಲ ಕೈಗಳು ಎದ್ದವು. ಹತ್ತು, ಇಪ್ಪತ್ತು, ಮೂವತ್ತು ಕೈ. ಹೆಚ್ಚಾಗಿ ಗಂಡಸರವು. ಮಾಸ್ತರರ ಎದೆ ತುಂಬಿ ಬಂತು. ಎಲ್ಲಕ್ಕಿಂತ ಮೊದಲು ಎದ್ದದ್ದು ವೇದಿಕೆಯ ಮೇಲೆ ಸಾಹೇಬರ ಕೈ.

"ಕೇಳ್ರಿ ಸಾಹೇಬ್ರ, ಕೇಳ್ರಿ!"

ಸಾಹೇಬರು ಕಾಗದ ಮಡಿಸಿ, ಧ್ವನಿ ತಗ್ಗಿಸಿ ಕೇಳಿದರು. "ಆಪರೇಷನ್ ಆದ ಮ್ಯಾಲ... ಎಷ್ಟು ದಿನಕ್ಕ ಕುಂದ್ರಲಿಕ್ಕ ಬರ್ತದ ಮಾಸ್ತರ?"

"ಹೌದ್ರಿ, ಅದೇ ನಂದೂ ಪ್ರಶ್ನೆ!" ಎಂದು ಕೆಳಗಿಂದ ಇಪ್ಪತ್ತು ಧ್ವನಿ. "ಡಾಕ್ಟರ್ ಹೆಸರೇನ್ರಿ?" "ನೋವು ಭಾಳ ಆಗ್ತದೇನ್ರಿ?" "ಮಿರ್ಚಿ ಮತ್ತ ಯಾವಾಗ ತಿನ್ನಬಹುದ್ರಿ?" ಕುರ್ಚಿಗಳು ಮುಂದೆ ಸರಿದವು. ಮಾಸ್ತರರು ಒಂದು ಕ್ಷಣ ಕೋಟೆಯ ಕಡೆ ನೋಡಿದರು. ಆಮೇಲೆ ಮೈಕು ಸರಿಯಾಗಿ ಹಿಡಿದುಕೊಂಡು, ಅಮೋಘವರ್ಷನ ದಂಡಯಾತ್ರೆ ಹೇಳುವ ಗಾಂಭೀರ್ಯದಿಂದಲೇ, ಮೊದಲ ದಿನದಿಂದ ಶುರು ಮಾಡಿದರು. ಸೇಡಂ ತಾಲ್ಲೂಕಿನಲ್ಲಿ ಈ ವಿಷಯದಲ್ಲಿ ತಮ್ಮಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದು ಹೇಳುತ್ತ ಹೇಳುತ್ತ ಅವರಿಗೇ ಗೊತ್ತಾಯಿತು.

ನಾಲ್ಕನೆಯ ದಿನಕ್ಕೆ ಬಂದಿದ್ದರು. ಪಾವೆಲ್ ರೇವಣಸಿದ್ದನ ಕಿವಿಯಲ್ಲಿ ಏನೋ ಕೇಳಿ, ಏನೋ ತಿಳಿದು, ಮುಖ ಅರಳಿಸಿ, ತನ್ನ ಉದ್ದನೆಯ ಕೈ ಎತ್ತಿದ.

"ಏನಂತ?" ಎಂದರು ಸಾಹೇಬರು.

ರೇವಣಸಿದ್ದ ಹಿಂಜರಿದ. "ಪಾವೆಲ್ ಅವರಿಗೂ ಅದೇ ಆಪರೇಷನ್ ಆಗ್ಯದಂತ್ರಿ. ಅವರ ದೇಶದಾಗ ಲೇಸರ್‌ದಾಗ ಮಾಡ್ತಾರಂತ. ಮುಂಜಾನಿ ಹೋದ್ರ ಸಂಜಿಗಿ ಮನಿಗಿ. ನೋವಿಲ್ಲ, ಏನಿಲ್ಲ. ಮರುದಿನನೇ ಕುರ್ಚಿ ಮ್ಯಾಲ ಕುಂತಿದ್ರಂತ."

"ಹೌದೇನು!" ಸಾಹೇಬರ ಕುರ್ಚಿ ಪಾವೆಲನ ಕಡೆ ತಿರುಗಿತು. ಗುರುಲಿಂಗಯ್ಯನವರದೂ ತಿರುಗಿತು. ಕೆಳಗಿದ್ದವರು ವೇದಿಕೆಯ ಆ ಮೂಲೆಗೆ ನುಗ್ಗಿದರು. ಶಾಹನವಾಜ ಎಲ್ಲಿಂದಲೋ ಒಂದು ಶಾಲು ತಂದ.

ಮಾಸ್ತರರು ಮೈಕು ಹಿಡಿದು ಒಬ್ಬರೇ ನಿಂತಿದ್ದರು. ಹೊಟ್ಟೆಯೊಳಗೆ ಸಣ್ಣಗೆ ಹತ್ತಿಕೊಂಡಿತು. ಈ ಸಲ ಅದು ಪಿತ್ತವಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಸಂಜಿಗಿ ಮನಿಗಿ ಕಳಿಸಿದ್ರ ಅದೆಂಥ ಆಪರೇಷನ್ರಿ!" ಎಂದು ಕೂಗಿದರು. "ಇಲ್ಲಿ ಕೇಳ್ರಿ! ನಾ ಹದಿನೈದು ದಿನ ಮಲಗಿದ್ದೆ! ಹದಿನೈದು ದಿನ!"